ಎಡಗಡೆಯ ಗುಮ್ಮಟ

ಮನೆಯ ಮುಂದೆ ಗಾರೆಯವರು ನಿಂತು ಕೆಲಸ ಮಾಡಲು ಬೊಂಬಿನ ಪರಾಂಚಿ ಕಟ್ಟಿದ ದಿನ ಸುಜಯ ಮೊದಲ ಸಲ ಎಲ್ಲರ ಎದುರಿಗೆ ಹೆಂಡತಿ ಪ್ರಾಜಕ್ತಾಳ ಕೆನ್ನೆಗೆ ಹೊಡೆದ. ಅಲ್ಲಿಯವರೆಗೆ ಅವನು ಹೊಡೆಯುತ್ತಿದ್ದುದು ಕೋಣೆಯ ಬಾಗಿಲು ಹಾಕಿಕೊಂಡು.

ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ ಅದು. ಬಿಸಿಲು ಇನ್ನೂ ಹಿತ್ತಲ ಗೋಡೆಯ ಮೇಲಿತ್ತು. ಮಾವ ಭಾವುಸಾಹೇಬರು, ಮೈದುನ ಸಮ್ಮೇದ, ಮಗಳು ಮೇಘಾ ಸಾಲಾಗಿ ಊಟಕ್ಕೆ ಕೂತಿದ್ದರು. ಅತ್ತೆ ಜಿನಮತಿ ಒಲೆಯ ಮುಂದಿದ್ದಳು. ಪ್ರಾಜಕ್ತಾ ರೊಟ್ಟಿ ನೀಡುತ್ತಿದ್ದಳು. ಸುಜಯ ಚಪ್ಪಲಿ ಸಹಿತ ಒಳಗೆ ಬಂದ.

"ಮನಿ ಮುಂದ ಬೊಂಬು ಯಾರು ನಿಂದರಿಸಿದ್ದು?"

"ಸತ್ಯಪ್ಪ ಗೌಂಡಿರಿ. ನಾಳೆಯಿಂದ ಎಡಗಡೆ ಗುಮ್ಮಟದ ಕೆಲಸ ಚಾಲೂ ಮಾಡ್ತೀವಿ. ಮಾವಾರು ಹೇಳ್ಯಾರ," ಎಂದಳು ಪ್ರಾಜಕ್ತಾ.

ಮಾತು ಮುಗಿಯುವ ಮೊದಲೇ ಏಟು ಬಿತ್ತು. ಕೈಯಲ್ಲಿದ್ದ ರೊಟ್ಟಿ ಹಾರಿ ಭಾವುಸಾಹೇಬರ ಬೇಳೆ ಆಮ್ಟಿಯ ಬಟ್ಟಲಲ್ಲಿ ಬಿದ್ದಿತು.

"ಸುಜ್ಯಾ!" ಎಂದರು ಭಾವುಸಾಹೇಬರು.

"ಒಳಗ ಹೋಗ, ಪ್ರಾಜಕ್ತಾ. ಎದುರು ಮಾತಾಡಬ್ಯಾಡ," ಎಂದಳು ಜಿನಮತಿ.

ಪ್ರಾಜಕ್ತಾ ಎದುರು ಮಾತಾಡಿರಲಿಲ್ಲ. ಬಾಯೊಳಗಿನ ರಕ್ತ ನುಂಗಿ ಅವಳು ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. ಮೇಘಾ ಅರ್ಧ ಊಟಕ್ಕೇ ಎದ್ದು ತಾಯಿಯ ಹಿಂದೆ ಹೋದಳು. ಸಮ್ಮೇದ ತಾಟಿನಲ್ಲಿದ್ದ ಅನ್ನವನ್ನು ಬೆರಳಿನಿಂದ ಕಲೆಸುತ್ತ ಕೂತ.

ನಿಪ್ಪಾಣಿಯ ಹಳೇ ಪೇಟೆಯಲ್ಲಿ ಆ ಮನೆಯನ್ನು ಜೋಡಗುಮ್ಮಟದ ವಾಡೆ ಎನ್ನುತ್ತಾರೆ. ತಂಬಾಕಿನ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ಭಾವುಸಾಹೇಬರ ಅಜ್ಜ ಕಟ್ಟಿಸಿದ್ದು. ಮಾಳಿಗೆಯ ಮುಂಭಾಗದ ಎರಡು ಮೂಲೆಯಲ್ಲಿ ಎರಡು ಗುಮ್ಮಟ. ಒಂದೊಂದಕ್ಕೂ ಎಂಟು ಕಲ್ಲಿನ ಕಂಬ, ಮೇಲೆ ಇಟ್ಟಿಗೆ ಮತ್ತು ಗಚ್ಚಿನ ಟೋಪಿ. ಆ ವರ್ಷದ ಆಷಾಢದ ಮಳೆಯಲ್ಲಿ ಎಡಗಡೆಯದರ ಒಂದು ದೊಡ್ಡ ತುಂಡು ಕಳಚಿ ರಸ್ತೆಯಲ್ಲಿ ನಿಂತಿದ್ದ ಮೋಟಾರು ಸೈಕಲ್ಲಿನ ಮೇಲೆ ಬಿತ್ತು. ಒಂದೋ ದುರಸ್ತಿ ಮಾಡಿಸಿ, ಇಲ್ಲ ಕೆಡವಿ ಎಂದು ನಗರಸಭೆಯವರು ಹೇಳಿಹೋದರು.

ಕೆಡವಬೇಕು ಎಂದ ಸುಜಯ. ಗುಮ್ಮಟದ ಜೊತೆಗೆ ಇಡೀ ಮುಂಭಾಗವನ್ನು ಉರುಳಿಸಿ ಅಂಗಡಿಗಳ ಸಾಲು ಕಟ್ಟಲು ಕೊಲ್ಲಾಪುರದ ಬಿಲ್ಡರನೊಬ್ಬನಿಗೆ ಮಾತು ಕೊಟ್ಟಿದ್ದ. ಭಾವುಸಾಹೇಬರು ಒಪ್ಪಲಿಲ್ಲ. ಸೊಸೆಯನ್ನು ಕರೆದು ಕೇಳಿದರು. ಪ್ರಾಜಕ್ತಾ ಅಥಣಿಯವಳು. ಕೊಲ್ಲಾಪುರದಲ್ಲಿ ವಾಸ್ತುಶಿಲ್ಪ ಓದಿ, ಮದುವೆಗೆ ಮೊದಲು ಹಳೆಯ ವಾಡೆಗಳನ್ನು ರಿಪೇರಿ ಮಾಡುವವರ ಕೈಕೆಳಗೆ ಕೆಲಸ ಮಾಡಿದ್ದಳು. ಮದುವೆಯಾದ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ.

"ಉಳಸಾಕ ಆಗ್ತೈತೇನವಾ?"

"ಆಗ್ತೈತ್ರಿ ಮಾವಾ. ಆದ್ರ ತಡಾ ಮಾಡಬಾರದು."

ಮನೆಯಲ್ಲಿ ಆ ಮಾತಿನಿಂದಲೇ ಬೆಂಕಿ ಹತ್ತಿತು.

ಸುಜಯನಿಗೆ ಸಿಮೆಂಟಿನ ಅಂಗಡಿ. ಕೆಲವು ವರ್ಷಗಳ ಹಿಂದೆ ಎರಡೂ ಗುಮ್ಮಟಗಳಿಗೆ ಅವನೇ ಮುಂದೆ ನಿಂತು ದಪ್ಪಗೆ ಸಿಮೆಂಟು ಬಳಿಸಿದ್ದ. ಈಗ ಸತ್ಯಪ್ಪ ಗೌಂಡಿ ಮತ್ತು ಅವನ ಆಳುಗಳು ಉಳಿ ಹಿಡಿದು ಅದನ್ನೇ ಕೆತ್ತಿ ಕೆಳಗೆ ಒಗೆಯತೊಡಗಿದರು. ಇಡೀ ಓಣಿಗೆ ಸಪ್ಪಳ ಕೇಳುತ್ತಿತ್ತು. ಹೋಗಿ ಬರುವವರು ನಿಂತು ನೋಡುತ್ತಿದ್ದರು.

ಒಂದು ಬೆಳಿಗ್ಗೆ ಪ್ರಾಜಕ್ತಾ ಮಾವನನ್ನೂ ಸಮ್ಮೇದನನ್ನೂ ಮಾಳಿಗೆಗೆ ಕರೆದಳು. ಕಂಬಗಳ ತಲೆಯ ಮೇಲೆ, ಗುಮ್ಮಟದ ಬುಡಕ್ಕೆ, ಬಂಡಿಯ ಗಾಲಿಗೆ ಹಾಕುವಂಥ ಕಬ್ಬಿಣದ ಪಟ್ಟಿಯಿತ್ತು. ಸಿಮೆಂಟು ತೆಗೆದ ಜಾಗದಲ್ಲಿ ಅದು ಒಣಗಿದ ತೊಗಟೆಯ ಹಾಗೆ ಪದರು ಪದರಾಗಿ ಉದುರುತ್ತಿತ್ತು.

"ಗುಮ್ಮಟದ ಭಾರ ಬರೇ ಕೆಳಗ ಅಲ್ರಿ, ಹೊರಗೂ ದೂಡ್ತೈತಿ. ಈ ಪಟ್ಟಿ ಅದನ್ನ ಹಿಡದಿತ್ತು. ಮ್ಯಾಲಿನ ಸಿಮೆಂಟ ಒಳಗಿನ ನೀರ ಹೊರಗ ಬಿಡಲಿಲ್ಲ. ಪಟ್ಟಿ ಜಂಗು ಹಿಡದು ಉಬ್ಬಿ ಕಲ್ಲು ಸೀಳೇತಿ. ಕಂಬದ ತಲಿ ಹೊರಗ ವಾಲ್ಯಾವ, ನೋಡ್ರಿ."

"ಹಂಗಾರ ಇದು ದಾದಾನ ಸಿಮೆಂಟಿನಿಂದ ಆತೇನ್ರಿ ವೈನಿ?" ಎಂದು ಸಮ್ಮೇದ ಅಣ್ಣನ ವಿಷಯ ಅತ್ತಿಗೆಯನ್ನು ಕೇಳಿದ.

"ನಾ ಯಾರ ಹೆಸರೂ ತಗೊಂಡಿಲ್ಲ," ಎಂದಳು ಪ್ರಾಜಕ್ತಾ.

ಒಳಗಿನಿಂದ ಮರದ ತೊಲೆಗಳ ಆಸರೆ ಕೊಟ್ಟು, ಹಳೆಯ ಪಟ್ಟಿ ತೆಗೆದು, ತುಕ್ಕು ಹಿಡಿಯದ ಉಕ್ಕಿನ ಪಟ್ಟಿ ಬಿಗಿದು, ಬಿರುಕುಗಳಿಗೆ ಸುಣ್ಣದ ಗಾರೆ ತುಂಬಬೇಕು ಎಂದು ಅವಳು ವಿವರಿಸಿದಳು. ಗಾರೆ ಒಣಗುವ ತನಕ ಆ ತೊಲೆಗಳನ್ನು ಯಾರೂ ಮುಟ್ಟುವ ಹಾಗಿಲ್ಲ. ಅವಳು ಅದನ್ನು ಅಡುಗೆಮನೆಯಲ್ಲೂ ಹೇಳಿದಳು, ಗಂಡನಿಗೂ ಹೇಳಿದಳು.

ಅಂದು ಕೋಣೆಯಲ್ಲಿ ಸುಜಯ ಅವಳ ಕೂದಲು ಹಿಡಿದು ತಲೆಯನ್ನು ಕಪಾಟಿಗೆ ಬಡಿದ. "ಊರ ಮಂದಿ ಮುಂದ ನನ್ನ ಸಿಮೆಂಟ ಕೆತ್ತಿ ಒಗಿತೀಯಾ? ನನ್ನ ಅಂಗಡಿ ಮುಂದ ನಿಂತ ನಗ್ತಾರ, ಗೊತ್ತೈತೇನು ನಿನಗ?" ಕಪಾಟಿನ ಕನ್ನಡಿ ಒಡೆಯಿತು.

ಪಡಸಾಲೆಯಲ್ಲಿ ಜಿನಮತಿ ಟೀವಿಯ ದನಿ ಏರಿಸಿದಳು.

ಪಕ್ಕದಲ್ಲಿ ಓದುತ್ತಿದ್ದ ಮೇಘಾ ಪುಸ್ತಕ ಮುಚ್ಚಿದಳು. ಅವಳು ಆ ವರ್ಷ ಹತ್ತನೆಯ ಇಯತ್ತೆಯಲ್ಲಿದ್ದಳು.

"ಅಜ್ಜಿ, ಪಪ್ಪಾ ಮಮ್ಮಿಗೆ ಹೊಡಿಯುವಾಗೆಲ್ಲಾ ನೀ ಟೀವಿ ಯಾಕ ದೊಡ್ಡದ ಮಾಡ್ತಿ?"

"ನನಗ ಕಿವಿ ಸರಿ ಕೇಳೂದಿಲ್ಲ."

"ನಾ ಹಗೂರಕ ಕೇಳಿದ್ದು ಈಗ ಹೆಂಗ ಕೇಳ್ತು?"

ಜಿನಮತಿ ಟೀವಿಯನ್ನು ಆರಿಸಲಿಲ್ಲ. ಅಂದಿನಿಂದ ಮೊಮ್ಮಗಳು ಅವಳ ಹತ್ತಿರ ಮಲಗಲು ಬರುವುದನ್ನು ಬಿಟ್ಟಳು.

ಅಥಣಿಯಿಂದ ಪ್ರಾಜಕ್ತಾಳ ತಾಯಿ ಫೋನು ಮಾಡಿ, "ಕೂಸಿನ್ನ ಕರಕೊಂಡ ಬಂದಬಿಡ," ಎಂದು ಅತ್ತಳು.

"ಮೇಘಾಂದು ಪರೀಕ್ಷಾ ಐತಿ, ಅವ್ವಾ. ಗುಮ್ಮಟ ಬಿಚ್ಚಿ ಇಟ್ಟೀನಿ. ಹಂಗ ಬಿಟ್ಟ ಬಂದ್ರ ಯಾರದರ ತಲೀ ಮ್ಯಾಲ ಬೀಳ್ತೈತಿ."

"ನಿನ್ನ ತಲೀ ಮ್ಯಾಲ ಬಿದ್ದ್ರ?"

"ಮುಗಿಸಿ ಬರ್ತೀನಿ," ಎಂದು ಅವಳು ಫೋನು ಇಟ್ಟಳು. ಕೆಲಸ ಅವಳ ಕೈಗೆ ಬಹಳ ವರ್ಷಗಳ ಮೇಲೆ ಬಂದಿತ್ತು. ಅದನ್ನು ಬಿಟ್ಟು ಓಡಿಹೋಗಲು ಅವಳಿಗೆ ಮನಸ್ಸಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಹಿತ್ತಲಿನಲ್ಲಿ ಸುಣ್ಣ ಅರಳಿಸಲು ಹೊಂಡ ಮಾಡಿದರು. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹೊಯ್ದರೆ ಅದು ಕೊತಕೊತ ಕುದಿಯುತ್ತಿತ್ತು. ಗಾರೆಗೆ ಬೆಲ್ಲ, ಅಳಲೆಕಾಯಿಯ ನೀರು. ಬೇರೆ ಕಡೆ ಕೋಳಿಮೊಟ್ಟೆಯನ್ನೂ ಹಾಕುತ್ತಾರೆ. ಜಿನಮತಿ ಮೊದಲ ದಿನವೇ ಬಂದು, "ಸತ್ಯಪ್ಪಾ, ತತ್ತಿ ಗಿತ್ತಿ ಈ ಹಿತ್ತಲದಾಗ ಬರಬಾರದು," ಎಂದು ಕಟ್ಟಪ್ಪಣೆ ಮಾಡಿದ್ದಳು.

"ಇಲ್ರೀ ಯಮ್ಮಾ, ಗೊತ್ತೈತ್ರಿ," ಎಂದಿದ್ದ ಸತ್ಯಪ್ಪ.

ಒಂದು ಮಧ್ಯಾಹ್ನ ಸುಜಯ ಅಂಗಡಿಯಿಂದ ಹೊತ್ತಿಗೆ ಮೊದಲೇ ಬಂದ. ಮನೆ ಕಟ್ಟಿಸುವ ಗಿರಾಕಿಯೊಬ್ಬ, "ಸಾಹುಕಾರ್ರ, ನಿಮ್ಮ ಹೆಂಡ್ರ ಸಿಮೆಂಟ ಬ್ಯಾಡ ಅಂತಾರಂತ, ನಮಗ್ಯಾಕ ಮಾರ್ತೀರಿ?" ಎಂದು ಚೇಷ್ಟೆ ಮಾಡಿ ಹೋಗಿದ್ದ. ಸುಜಯ ನೇರ ಹಿತ್ತಲಿಗೆ ನಡೆದ. ಪ್ರಾಜಕ್ತಾ ಹೊಂಡದ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು.

"ಸುಣ್ಣ ಭಾಳ ಚಲೋ ಅಲ್ಲೇನು? ನೋಡ ಹಂಗಾರ!"

ಅವಳ ಎಡಗೈಯನ್ನು ಮೊಣಕೈ ತನಕ ಕುದಿಯುವ ಸುಣ್ಣದೊಳಗೆ ಅದ್ದಿ ಹಿಡಿದ.

ಅವಳ ಚೀರಾಟಕ್ಕೆ ಪಕ್ಕದ ಮನೆಯ ಮಾಳಿಗೆಯಲ್ಲಿ ಹೆಂಗಸರು ಬಂದು ನಿಂತರು. ಸತ್ಯಪ್ಪ ಓಡಿಬಂದು ಸುಜಯನ ಸೊಂಟಕ್ಕೆ ತೆಕ್ಕೆ ಹಾಕಿ ಹಿಂದಕ್ಕೆಳೆದ. ಸುಜಯ ಸಲಿಕೆಯ ಹಿಡಿಕೆಯಿಂದ ಅವನ ಬಾಯಿಗೆ ಹೊಡೆದ. ಗೌಂಡಿಯ ಎರಡು ಹಲ್ಲು ಅಂಗಳದಲ್ಲಿ ಬಿದ್ದವು.

ಜಿನಮತಿ ಅಡುಗೆಮನೆಯ ಬಾಗಿಲಲ್ಲಿ ನೀರು ಸೋಸುವ ಅರಿವೆ ಹಿಡಿದು ನಿಂತಿದ್ದಳು. ಆ ಮನೆಯಲ್ಲಿ ಸೋಸದ ನೀರು ಬಳಸುವುದಿಲ್ಲ; ನೀರಿನ ಹುಳು ಸತ್ತರೆ ಪಾಪ. ಅವಳು ಅರಿವೆ ಎಸೆದು, ತೊಟ್ಟಿಯಿಂದ ಕೊಡಗಟ್ಟಲೆ ನೀರು ಎತ್ತಿ ಎತ್ತಿ ಸೊಸೆಯ ಕೈಗೆ ಸುರಿದಳು.

"ಇರಬಿ ತುಳದ್ರ ಪಾಪ ಅಂತೀರಿ ಅತ್ತಿ," ಎಂದಳು ಪ್ರಾಜಕ್ತಾ ಹಲ್ಲು ಕಚ್ಚಿ. "ನನ್ನ ತುಳದ್ರ?"

ಜಿನಮತಿ ನೀರು ಸುರಿಯುತ್ತಲೇ ಇದ್ದಳು.

ಸಮ್ಮೇದ ಅತ್ತಿಗೆಯನ್ನು ಗಾಡಿಯ ಮೇಲೆ ದವಾಖಾನೆಗೆ ಕರೆದೊಯ್ದ. "ಹೆಂಗಾತು?" ಎಂದರು ಡಾಕ್ಟರು. "ಸುಣ್ಣ ಸಿಡೀತ್ರಿ," ಎಂದ ಸಮ್ಮೇದ. ಹೊರಗೆ ಬಂದ ಮೇಲೆ ಪ್ರಾಜಕ್ತಾ ಗಾಡಿ ಹತ್ತಲಿಲ್ಲ.

"ಯಾಕ ಸುಳ್ಳ ಹೇಳಿದಿ?"

"ಮನಿ ಮರ್ಯಾದಿ ವೈನಿ..."

"ಈ ಕೈ ಮನಿದಲ್ಲೇನು?"

ಸಮ್ಮೇದ ಮೂವತ್ತು ದಾಟಿದವ. ಚಿಕ್ಕಂದಿನಿಂದ ಅಣ್ಣನ ಏಟು ತಿಂದು ಬೆಳೆದವ. ಅವನು ರಸ್ತೆಯ ಕಡೆ ಮುಖ ಮಾಡಿದ. ಪ್ರಾಜಕ್ತಾ ನಡೆದೇ ಮನೆಗೆ ಹೋದಳು.

ಮರುದಿನ ಭಾವುಸಾಹೇಬರು ಮಗನನ್ನು ಪಡಸಾಲೆಗೆ ಕರೆದರು. "ಇನ್ನ ಮ್ಯಾಲ ಆಕಿ ಮ್ಯಾಲ ಕೈ ಎತ್ತೀದಿ ಅಂದ್ರ ಈ ಮನ್ಯಾಗ ನಿನಗ ಜಾಗಾ ಇಲ್ಲ."

ಸುಜಯ ನಕ್ಕ. "ಕೈ ಎತ್ತೂದು ನಾ ಯಾರ ಕಡಿಂದ ಕಲತೀನ್ರಿ ಅಪ್ಪಾ? ಹಾಲಿನ ತಂಬಿಗಿಲೆ ಅವ್ವನ ಹಣಿ ಒಡದ್ರಿ ನೀವು. ನಾ ಇಲ್ಲೇ ಈ ಕಂಬದ ಕಡೆ ನಿಂತಿದ್ನಿ. ಹಾಲು ಕೆಂಪಾಗಿ ಹರದು ನನ್ನ ಕಾಲಿಗೆ ಬಂದಿತ್ತು."

ಭಾವುಸಾಹೇಬರು ಧೋತರದ ಅಂಚು ಸರಿಪಡಿಸಿಕೊಂಡರು. "ನನಗ ನೆನಪಿಲ್ಲ."

ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದ ಜಿನಮತಿ ಇದನ್ನೆಲ್ಲ ಕೇಳಿದಳು. ಮಧ್ಯಾಹ್ನ ಗಂಡನ ತಾಟು ಹಚ್ಚಿಟ್ಟು, ನೀಡಲು ನಿಲ್ಲದೆ ಒಳಗೆ ಹೋದಳು. ಭಾವುಸಾಹೇಬರು ಎರಡು ಸಲ ಆಮ್ಟಿ ಕೇಳಿದರು. ಯಾರೂ ಬರಲಿಲ್ಲ.

ಸತ್ಯಪ್ಪ ಬಾಯಿ ಬಾತಿದ್ದರೂ ಒಂದು ವಾರಕ್ಕೆ ಕೆಲಸಕ್ಕೆ ಬಂದ. ಪ್ರಾಜಕ್ತಾ ಪಟ್ಟಿ ಸುತ್ತಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಮಾಳಿಗೆ ಹತ್ತುತ್ತಿದ್ದಳು. ಗುಮ್ಮಟದ ಹಳೆಯ ಕಬ್ಬಿಣದ ಪಟ್ಟಿ ಹೊರಗೆ ಬಂತು. ಹೊಸದರ ಅರ್ಧ ಸುತ್ತು ಕೂತಿತು. ಗುಮ್ಮಟದ ಭಾರವೆಲ್ಲ ಆಗ ಒಳಗಿನ ತೊಲೆಗಳ ಮೇಲೆ ನಿಂತಿತ್ತು.

ಹೊಸ್ತಿಲ ಹುಣ್ಣಿಮೆಯ ದಿನ ಆಳುಗಳಿಗೆ ರಜೆ. ಊಟವಾದ ಮೇಲೆ ಮೇಲಿನಿಂದ ಧಡ್ ಧಡ್ ಎಂದು ಸಪ್ಪಳ ಬಂತು. ಪ್ರಾಜಕ್ತಾ ತೊಳೆಯುತ್ತಿದ್ದ ಪಾತ್ರೆ ಬಿಟ್ಟು ಓಡಿದಳು.

ಸುಜಯ ಗುಮ್ಮಟದೊಳಗೆ ನಿಂತು ದೊಡ್ಡ ಸುತ್ತಿಗೆಯಿಂದ ತೊಲೆಗಳನ್ನು ಹೊಡೆಯುತ್ತಿದ್ದ. ಒಂದು ತೊಲೆ ಆಗಲೇ ಕೆಳಗೆ ಬಿದ್ದಿತ್ತು. ಮೇಲಿನಿಂದ ಇಟ್ಟಿಗೆಯ ಪುಡಿ ಸುರಿಯುತ್ತಿತ್ತು.

"ಬಿಡ್ರಿ! ಹೊರಗ ಬರ್ರಿ! ಅದು ನಿಮ್ಮ ಮ್ಯಾಲನ ಬೀಳ್ತೈತಿ!"

"ಬೀಳಲಿ! ನಾಳೆ ಬಿಲ್ಡರ ಬರ್ತಾನ. ಏನ ಉಳಸ್ತೀಯೋ ಉಳಸ!"

ಅವಳು ಒಳಗೆ ನುಗ್ಗಿ ಎರಡನೆಯ ತೊಲೆಗೆ ಬೆನ್ನು ಕೊಟ್ಟು ನಿಂತಳು. ಸುಜಯ ಒಂದು ಕ್ಷಣ ತಡೆದ. ಆಮೇಲೆ ಸುತ್ತಿಗೆಯನ್ನು ಅವಳ ತಲೆಯ ಎತ್ತರಕ್ಕೆ ಎತ್ತಿದ.

ಮೊಣಕಾಲು ನೋವಿನಿಂದ ವರ್ಷಗಟ್ಟಲೆ ಮಾಳಿಗೆ ಹತ್ತದಿದ್ದ ಜಿನಮತಿ ಅಂದು ಗೋಡೆ ಹಿಡಿದು ಹತ್ತಿ ಬಂದಿದ್ದಳು. ಪರಾಂಚಿಯ ಹತ್ತಿರ ಬಿದ್ದಿದ್ದ ಬೊಂಬನ್ನು ಎರಡೂ ಕೈಯಿಂದ ಎತ್ತಿ ಮಗನ ಮುಂಗೈಗೆ ಹೊಡೆದಳು. ಎಲುಬು ಮುರಿದ ಸಪ್ಪಳ ಅವಳಿಗೇ ಕೇಳಿಸಿತು. ಸುತ್ತಿಗೆ ನೆಲಕ್ಕೆ ಬಿತ್ತು.

"ಅವ್ವಾ!" ಎಂದು ಕೂಗಿದ ಸುಜಯ ಇನ್ನೊಂದು ಕೈಯಿಂದ ತಾಯಿಯ ಎದೆಗೆ ದೂಡಿದ. ಅವಳು ಕಂಬಕ್ಕೆ ಬಡಿದು ಕುಸಿದಳು. ಅಷ್ಟರಲ್ಲಿ ಸಮ್ಮೇದ ಬಂದಿದ್ದ. ತಾಯಿಯ ಬಾಯಿಂದ ರಕ್ತ ಬರುವುದನ್ನು ನೋಡಿ, ಜೀವಮಾನದಲ್ಲಿ ಮೊದಲ ಸಲ ಅಣ್ಣನ ಮೇಲೆ ಬಿದ್ದ. ಮುಷ್ಟಿಯಿಂದ ಅವನ ಮುಖಕ್ಕೆ ಗುದ್ದಿದ, ಮತ್ತೆ ಮತ್ತೆ ಗುದ್ದಿದ. ಇಬ್ಬರೂ ಉರುಳಾಡುತ್ತ ಹೋಗಿ ಮೂರನೆಯ ತೊಲೆಗೆ ಬಡಿದರು; ತೊಲೆ ಜಾರಿತು.

"ಸಮ್ಮೇದ, ಹೊರಗ!" ಎಂದು ಪ್ರಾಜಕ್ತಾ ಚೀರಿದಳು. ಅತ್ತೆಯ ಸೆರಗು ಹಿಡಿದು ಅವಳನ್ನು ನೆಲದ ಮೇಲೆಯೇ ಹೊರಗೆಳೆದಳು.

ಗುಮ್ಮಟದ ರಸ್ತೆಯ ಕಡೆಯ ಭಾಗ ನಿಂತೇ ಉಳಿಯಿತು. ಮಾಳಿಗೆಯ ಕಡೆಯ ಭಾಗ ಎರಡು ಕಂಬಗಳ ಸಮೇತ ಒಳಗೆ ಕುಸಿಯಿತು. ಧೂಳು ಇಳಿದಾಗ ಸಮ್ಮೇದ ಹೊರಗೆ ಬೋರಲು ಬಿದ್ದಿದ್ದ. ಸುಜಯನ ಬಲಗಾಲು ಮೊಣಕಾಲಿನಿಂದ ಕೆಳಗೆ ಕಲ್ಲಿನಡಿ ಇತ್ತು.

ಸಮ್ಮೇದ ಎದ್ದು ಆ ಕಲ್ಲಿಗೆ ಕೈಹಾಕಿದ.

"ಮುಟ್ಟಬ್ಯಾಡ! ಉಳಿದದ್ದೆಲ್ಲಾ ಅದರ ಮ್ಯಾಲ ನಿಂತೈತಿ. ಆ ಸಣ್ಣ ತೊಲಿ ತಾ. ಇಲ್ಲೆ, ಕಂಬದ ಬುಡಕ್ಕ ಆನಿಸು. ಹಗೂರಕ."

"ಪ್ರಾಜೂ, ನನ್ನ ತಗಿ," ಎಂದು ಸುಜಯ ನರಳಿದ. "ನಿನ್ನ ಕಾಲ ಬೀಳ್ತೀನಿ, ತಗಿ."

"ಸುಮ್ಮ ಇರ್ರಿ. ಅಲಗಾಡಬ್ಯಾಡ್ರಿ."

ಒಂದೇ ಕೈಯಿಂದ ತೋರಿಸುತ್ತ, ಯಾವ ಕಲ್ಲು ಮೊದಲು ಯಾವುದು ಆಮೇಲೆ ಎಂದು ಹೇಳುತ್ತ ಅವಳು ಆಸರೆ ಕೊಡಿಸಿದಳು. ಓಣಿಯವರು ಬಂದು ಕೈಗೂಡಿಸಿದರು. ಮೇಲಿನ ಅರ್ಧ ಗುಮ್ಮಟ ಕಿರ್ರೆನ್ನುತ್ತಿತ್ತು. ಅದರ ಅಡಿಯಲ್ಲೇ ಮಂಡಿಯೂರಿ ಕೂತು ಅವಳು ಗಂಡನನ್ನು ಹೊರಗೆ ತೆಗೆಸಿದಳು. ಆ್ಯಂಬುಲೆನ್ಸಿನಲ್ಲಿ ಮಾತ್ರ ಅವನ ಜೊತೆ ಹತ್ತಲಿಲ್ಲ.

ಬೆಳಗಾವಿಯ ಆಸ್ಪತ್ರೆಯಲ್ಲಿ ಸುಜಯನ ಕಾಲಿಗೆ ರಾಡು ಹಾಕಿದರು. ಜಿನಮತಿಯ ಎರಡು ಪಕ್ಕೆಲುಬು ಮುರಿದಿದ್ದವು. ಪೊಲೀಸ್ ಫೌಜದಾರರು ಹೇಳಿಕೆ ಬರೆದುಕೊಳ್ಳಲು ಬರುವ ಮೊದಲು ಭಾವುಸಾಹೇಬರು ಹೆಂಡತಿಯ ಮಂಚದ ಪಕ್ಕ ಬಂದು ಕೂತರು.

"ಗುಮ್ಮಟ ಹಳೇದಿತ್ತು, ಬಿತ್ತು ಅಂತ ಹೇಳ. ಸಮ್ಮೇದನೂ ಹಂಗ ಹೇಳ್ತಾನ. ಇಲ್ಲಂದ್ರ ಮಗಾ ಜೇಲಿಗೆ ಹೋಗ್ತಾನ."

"ಸಮ್ಮೇದ, ನೀ ಹಂಗ ಹೇಳ್ತೀಯೇನು?" ಎಂದು ಕೇಳಿದಳು ಜಿನಮತಿ.

ಬಾಗಿಲ ಹತ್ತಿರ ನಿಂತಿದ್ದ ಸಮ್ಮೇದ ಮಂಚದ ಆಚೆ ನಿಂತಿದ್ದ ಅತ್ತಿಗೆಯ ಪಟ್ಟಿ ಕಟ್ಟಿದ ಕೈಯನ್ನು ನೋಡಿದ. "ಇಲ್ಲವ್ವಾ. ಹೇಳೂದಿಲ್ಲ."

ಫೌಜದಾರರು ಬಂದರು. ಜಿನಮತಿಗೆ ಉಸಿರೆಳೆದರೆ ನೋಯುತ್ತಿತ್ತು. ತಡೆದು ತಡೆದು ಹೇಳಿದಳು: "ಅಂವ ಹೆಂಡ್ತಿ ತಲಿ ಒಡಿಯಾಕ ಸುತಗಿ ಎತ್ತಿದ್ದ. ನಾ ಬೊಂಬಿಲೆ ಅವನ ಕೈ ಮುರದ್ನಿ. ಅದಕ್ಕಿಂತ ಮೊದಲ ಆಕಿ ಕೈ ಸುಣ್ಣದಾಗ ಅದ್ದಿದ್ದ. ಅದಕ್ಕಿಂತ ಮೊದಲೂ ಹೊಡದಾನ, ಬಡದಾನ. ಎಲ್ಲಾ ಬರಕೋರಿ."

"ನಿಮ್ಮ ಮಗನ ಮ್ಯಾಲ ಕೇಸ ಆಗ್ತೈತ್ರಿ, ಅಮ್ಮಾರ."

"ನಾ ಹೊಡದದ್ದೂ ಬರಕೋರಿ," ಎಂದಳು ಜಿನಮತಿ. "ಬಿಟ್ಟಗಿಟ್ಟೀರಿ."

ಪ್ರಾಜಕ್ತಾ ಮುಖ ಆಚೆ ತಿರುಗಿಸಿದಳು. ಮೇಘಾ ಬಂದು ಅಜ್ಜಿಯ ಮಂಚದ ತುದಿಯಲ್ಲಿ ಕೂತು, ಕಿತ್ತಳೆಯ ತೊಳೆ ಬಿಡಿಸಿ ಒಂದೊಂದಾಗಿ ಬಾಯಿಗೆ ಕೊಟ್ಟಳು.

ಸುಜಯ ಆಸ್ಪತ್ರೆಯಿಂದ ಜೇಲಿಗೆ ಹೋದ. ಸಂಕ್ರಾಂತಿಯ ನಂತರ ಸತ್ಯಪ್ಪನ ಆಳುಗಳು ಬಿದ್ದ ಇಟ್ಟಿಗೆಗಳನ್ನು ಆರಿಸಿ, ಕಂಬಗಳನ್ನು ಜೋಡಿಸಿ ನಿಲ್ಲಿಸಿದರು. ಕೊಲ್ಲಾಪುರದ ಬಿಲ್ಡರ ಮತ್ತೆ ಬರಲಿಲ್ಲ. ಪ್ರಾಜಕ್ತಾಳ ಎಡಗೈಯ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ; ಅವಳು ಬಲಗೈಯಿಂದ ದಾರಕ್ಕೆ ಕಟ್ಟಿದ ತೂಕದ ಗುಂಡು ಹಿಡಿದು ಒಂದೊಂದು ಕಂಬವೂ ನೆಟ್ಟಗಿದೆಯೇ ಎಂದು ನೋಡುತ್ತಿದ್ದಳು. ಸಮ್ಮೇದ ಅಡುಗೆಮನೆಗೆ ನೀರು ತುಂಬುವುದನ್ನು, ಪೇಟೆಯಿಂದ ಕಾಯಿಪಲ್ಯ ತರುವುದನ್ನು ಕಲಿತ. ಭಾವುಸಾಹೇಬರು ಹೆಚ್ಚು ಮಾತಾಡುತ್ತಿರಲಿಲ್ಲ. ತಾವೇ ತಾಟು ಹಾಕಿಕೊಂಡು, ತಾವೇ ಎತ್ತಿಡುತ್ತಿದ್ದರು. ಮೇಘಾಳ ಪರೀಕ್ಷೆ ಹತ್ತಿರ ಬಂದಿತ್ತು.

ಜಾಮೀನಿನ ಮೇಲೆ ಬಿಡುಗಡೆಯಾದ ಸುಜಯ ಒಂದು ಬೆಳಿಗ್ಗೆ ಊರುಗೋಲು ಊರುತ್ತ ಬಾಗಿಲಿಗೆ ಬಂದ. ಜೊತೆಗೆ ಕಾಗವಾಡದ ಸೋದರಮಾವ, ಜಿನಮತಿಯ ತಮ್ಮ. ಜಿನಮತಿ ಹೊಸ್ತಿಲಲ್ಲಿ ನಿಂತಳು. ದಾರಿ ಬಿಡಲಿಲ್ಲ.

"ಅಕ್ಕಾ, ಗಂಡಸು, ಸಿಟ್ಟಿನ್ಯಾಗ ಏನೋ ಮಾಡಿದ. ಶಿಕ್ಷಾನೂ ಆತು," ಎಂದ ತಮ್ಮ.

"ಹಂಗಾರ ನಿನ್ನ ಮನ್ಯಾಗ ಇಟ್ಕೋ. ನಿನ್ನ ಸೊಸಿ ಕೈಲೆ ರೊಟ್ಟಿ ನೀಡಸು."

ತಮ್ಮ ಒಂದು ಮೆಟ್ಟಿಲು ಹಿಂದಕ್ಕಿಳಿದ.

"ಇದು ನನ್ನ ಮನಿ ಅವ್ವಾ," ಎಂದ ಸುಜಯ.

"ಹೌದು. ಆದ್ರ ಆಕಿ ಒಳಗ ಇರೂತನಕ ನಿನ್ನ ಒಳಗ ಬಿಡೂದಿಲ್ಲ."

ಒಳಗಿನಿಂದ ಭಾವುಸಾಹೇಬರು, "ಜಿನಮತಿ, ಹುಡುಗಗ ನಿಂದರಾಕೂ ಬರವಲ್ಲದು..." ಎಂದರು. ಅವಳು ಹಿಂತಿರುಗಿ ನೋಡಲಿಲ್ಲ.

ಸುಜಯನ ಕಣ್ಣಲ್ಲಿ ನೀರು ಬಂತು. ನೀರಿನ ಹಿಂದೆಯೇ ಸಿಟ್ಟೂ ಬಂತು. ಊರುಗೋಲನ್ನು ಮೆಟ್ಟಿಲಿಗೆ ಕುಟ್ಟಿದ. "ಕೈ ಮುರದಿ. ಪೊಲೀಸರಿಗೆ ಹಿಡದಕೊಟ್ಟಿ. ಈಗ ಬಾಗಲಾ ಹಾಕ್ತಿ. ನೀ ಎಂಥಾ ತಾಯಿ?"

"ತಡಾ ಮಾಡಿದ ತಾಯಿ," ಎಂದಳು ಜಿನಮತಿ.

ಒಳಗೆ ಹೋಗಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿದ ಗಂಟು ತಂದು ತಮ್ಮನ ಕೈಗೆ ಕೊಟ್ಟಳು. "ಹೊತ್ತು ಮುಳಗೂದ್ರಾಗ ಉಣ್ಣಸು. ಗುಳಿಗಿ ತಪ್ಪಸಬ್ಯಾಡ." ಆಮೇಲೆ ಎರಡೂ ಕದ ಎಳೆದುಕೊಂಡಳು.

ಪಕ್ಕೆಯ ನೋವಿಗೆ ಅವಳ ಕೈಗೆ ಬಲ ಸಾಲಲಿಲ್ಲ. ಅಗಳಿ ಜರುಗಲಿಲ್ಲ. ಭಾವುಸಾಹೇಬರು ಎದ್ದು ಬಂದು, "ಆಚೆ ಸರಿ, ನಾ ಹಾಕ್ತೀನಿ," ಎಂದು ಅಗಳಿಯ ಮೇಲೆ ಕೈಯಿಟ್ಟರು.

ಜಿನಮತಿ ಆ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದಳು.

"ನೀವು ಬ್ಯಾಡ್ರಿ," ಎಂದಳು. ಎರಡೂ ಕೈ ಹಚ್ಚಿ, ಉಸಿರು ಬಿಗಿಹಿಡಿದು, ಅಗಳಿಯನ್ನು ಕೊನೆಯತನಕ ದೂಡಿದಳು.